ಲಿಫ್ಟ್ ಹತ್ತದ ಅಕ್ಕ ಸಮುದ್ರಕ್ಕಿಳಿದಳು

ನನ್ನ ಅಕ್ಕ ಲಿಫ್ಟ್ ಹತ್ತುವುದಿಲ್ಲ. ಎಷ್ಟನೇ ಮಹಡಿಯಾದರೂ ಮೆಟ್ಟಿಲೇ. ಬಚ್ಚಲುಮನೆಗೆ ಹೋದರೆ ಚಿಲಕ ಹಾಕುವುದಿಲ್ಲ. ಮಲಗುವ ಕೋಣೆಯ ಕಿಟಕಿ ಚಳಿಗಾಲದಲ್ಲೂ ತೆರೆದೇ ಇರಬೇಕು. ಅಂಥವಳು ಕಳೆದ ತಿಂಗಳು ಅಂಡಮಾನಿನ ಒಂದು ದ್ವೀಪದ ದಂಡೆಯಲ್ಲಿ ನಿಂತು, ‘ನಾ ಒಳಗ ಹೋಗ್ತೇನಿ’ ಅಂದಳು.

ಒಳಗೆ ಅಂದರೆ ಸಮುದ್ರದೊಳಗೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು.

ಅಸಲಿಗೆ ಹೋಗಬೇಕಾಗಿದ್ದವಳು ನಾನು. ಮೊಬೈಲಿನಲ್ಲಿ ಸ್ಕೂಬಾ ಡೈವಿಂಗ್ ವಿಡಿಯೋ ನೋಡಿ ನೋಡಿ ತಲೆ ಕೆಡಿಸಿಕೊಂಡವಳು ನಾನು. (ಬೀದರಿನ ಚಿದ್ರಿಯಲ್ಲಿ ಕುಳಿತು ಹವಳದ ದಿಬ್ಬಗಳ ಕನಸು ಕಾಣಬಾರದೆಂದು ಕಾನೂನೇನೂ ಇಲ್ಲವಲ್ಲ?) ಅಕ್ಕ ಸುಲೋಚನಾ ಭಾಲ್ಕಿಯಲ್ಲಿ ನರ್ಸ್ ಆಗಿದ್ದು ಈಗಷ್ಟೇ ರಿಟೈರ್ ಆಗಿದ್ದಳು. ಬಾ ಅಂದೆ. ‘ಬರ್ತೇನಿ, ಖರೆ ನೀರಿಗಿ ಇಳಿಯಂಗಿಲ್ಲ. ದಂಡಿಗಿ ಕೂತು ನಿನ್ನ ಚಪ್ಪಲಿ ಕಾಯ್ತೇನಿ’ ಅಂದಳು. ಅವ್ವನನ್ನು ನೋಡಿಕೊಳ್ಳಲು ಅಕ್ಕನ ಸೊಸೆ ಇದ್ದಳು. ಹೈದರಾಬಾದಿಗೆ ಹೋಗಿ ವಿಮಾನ ಹತ್ತಿದೆವು.

ವಿಮಾನದ ಎಸಿ ನನಗೆ ನೆಗಡಿ ತಂದಿತು.

ನಮಗೆ ಡೈವಿಂಗ್ ಕಲಿಸಬೇಕಾದವಳು ದಿವ್ಯಾ ಎಂಬ ಹುಡುಗಿ. ವಿಶಾಖಪಟ್ಟಣದ ಕಡೆಯವಳು, ಬಿಸಿಲಿಗೆ ಮಿಂಚುವ ಮೈ, ಕಡಿಮೆ ಮಾತು. ನನ್ನ ಮೂಗಿನ ದನಿ ಕೇಳಿದ ಕೂಡಲೇ ಆಗುವುದಿಲ್ಲ ಎಂದಳು. ಮೂಗು ಕಟ್ಟಿಕೊಂಡು ಆಳಕ್ಕೆ ಹೋದರೆ ಕಿವಿಗೆ ಪೆಟ್ಟಂತೆ. ನಾನು ಗೋಗರೆದೆ. ಅವಳು ಆಗಲೇ ಮುಂದಿನ ಗಿರಾಕಿಯತ್ತ ತಿರುಗಿದ್ದಳು.

ಆಗಲೇ ಅಕ್ಕ ಆ ಮಾತು ಹೇಳಿದ್ದು.

‘ನಿನಗೇನಾಗ್ಯದ ಅಕ್ಕಾ? ಲಿಫ್ಟಿಗಿ ಅಂಜತಿ ನೀ’ ಅಂದೆ.

‘ಅಂಜತೇನಿ. ಅದಕ್ಕಽ ಒಮ್ಮಿ ನೋಡಬೇಕು ಅನಸ್ಯದ.’

ಬಿಪಿ ಇಲ್ಲ, ಶುಗರ್ ಇಲ್ಲ. ಅಲ್ಲಿನ ಡಾಕ್ಟರು ಎದೆ, ಕಿವಿ ಎಲ್ಲ ನೋಡಿ ಸರಿ ಎಂದರು. ಅಕ್ಕ ಕಪ್ಪು ರಬ್ಬರಿನ ಉಡುಪು ತೊಟ್ಟು ಹೊರಬಂದಾಗ ನನಗೆ ನಗು ತಡೆಯಲಿಲ್ಲ. ಅವಳು ನಗಲಿಲ್ಲ. ಕಣ್ಣು ಮುಚ್ಚಿ ತಲೆ ತಗ್ಗಿಸಿ ನಿಂತಳು. ದಿವ್ಯಾ ತಲೆಸುತ್ತು ಬಂತೆಂದುಕೊಂಡು ಓಡಿ ಬಂದು ತೋಳು ಹಿಡಿದಳು. ಪ್ರಾರ್ಥನೆ ಎಂದು ವಿವರಿಸಿದೆ. (ನಮ್ಮದು ಹಳೆಯ ಮೆಥೋಡಿಸ್ಟ್ ಮನೆತನ. ಹುಮನಾಬಾದಿಗೆ ಬಸ್ ಹತ್ತಿದರೂ ಪ್ರಾರ್ಥನೆ ಇರುತ್ತದೆ.)

ಮೊದಲು ಸೊಂಟದುದ್ದ ನೀರಿನಲ್ಲಿ ಅಭ್ಯಾಸ. ಮಾಸ್ಕು ಮೂಗನ್ನೂ ಮುಚ್ಚುತ್ತದೆ. ಬಾಯಲ್ಲಿ ಪೈಪು ಕಚ್ಚಿ ಬಾಯಿಂದಲೇ ಉಸಿರಾಡಬೇಕು. ಹೊಸಬರಾದ್ದರಿಂದ ಕಲಿಸುವವರು ಹಿಂದೆ ಇದ್ದು ಸಿಲಿಂಡರ್ ಹಿಡಿದುಕೊಂಡೇ ಕರೆದೊಯ್ಯುತ್ತಾರೆ. ಅಕ್ಕ ಮುಖ ಮುಳುಗಿಸಿದಳು. ಮರುಕ್ಷಣವೇ ಎದ್ದು ನಿಂತು ಮಾಸ್ಕು ಕಿತ್ತಳು. ಎರಡನೇ ಸಲವೂ ಹಾಗೆಯೇ. ಮೂರನೆಯ ಸಲಕ್ಕೆ ದಿವ್ಯಾ, ಸಾಕಮ್ಮಾ, ಇದು ಎಲ್ಲರಿಗೂ ಆಗಿಬರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದಳು.

ಅಕ್ಕ ದಂಡೆಗೆ ಬರಲಿಲ್ಲ. ಅಲ್ಲೇ ನೀರಿನಲ್ಲಿ ನಿಂತು ಆ ಹುಡುಗಿಯೊಡನೆ ಮಾತಿಗಿಳಿದಳು. ನಡೆದದ್ದು ತೆಲುಗಿನಲ್ಲಿ, ನಮ್ಮ ಕಡೆ ಅದು ಬಹಳ ಜನಕ್ಕೆ ಬರುತ್ತದೆ. ನಾನು ಮೊಣಕಾಲು ನೀರಿನಲ್ಲಿ ಮೂಗು ಒರೆಸಿಕೊಳ್ಳುತ್ತ ಕೇಳಿಸಿಕೊಂಡೆ.

ನಮ್ಮದು ಔರಾದ ತಾಲೂಕು, ಚಿಂತಾಕಿ ಕಡೆಯ ಒಂದು ಸಣ್ಣ ಹಳ್ಳಿ. ನಾನು ಹುಟ್ಟುವ ಮುಂಚಿನ ಬೇಸಿಗೆ ದೊಡ್ಡ ಬರ. ಓಣಿಯ ಗಂಡಸರೆಲ್ಲ ಹೈದರಾಬಾದಿಗೆ ದುಡಿಯಲು ಹೋಗಿದ್ದರು, ಅಪ್ಪನೂ. ಊರ ಬಾವಿಗೆ ನಮ್ಮವರು ಹೋಗುವಂತಿರಲಿಲ್ಲ. (ಯಾಕೆ ಎಂದು ಬಿಡಿಸಿ ಹೇಳಬೇಕೇ?) ಓಣಿಯ ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರಿರಲಿಲ್ಲ. ತಳದಲ್ಲಿ ಒಂದಿಷ್ಟು ಒರತೆ, ಅಷ್ಟೇ. ಹಗುರ ಮೈಯ ಮಕ್ಕಳನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. ನಮ್ಮ ಮನೆಯಿಂದ ಇಳಿದವಳು ಅಕ್ಕ. ಆಗ ಅವಳಿಗೆ ಹತ್ತೂ ತುಂಬಿರಲಿಲ್ಲ.

ಇಷ್ಟು ನನಗೂ ಗೊತ್ತಿತ್ತು. ಮುಂದಿನದು ಗೊತ್ತಿರಲಿಲ್ಲ.

ಅಕ್ಕ ದಿವ್ಯಾಳಿಗೆ ಹೇಳಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ: ‘ಕೆಳಗ ಕೂತು ಚರಗೀಲೆ ಕೊಡ ತುಂಬತಿದ್ದೆ. ಮ್ಯಾಲ ನೋಡಿದ್ರ ಆಕಾಶ ರೊಟ್ಟಿಯಷ್ಟ ಕಾಣ್ತಿತ್ತು. ಅವ್ವನ ಮಾರಿ ಕಾಣ್ತಿರಲಿಲ್ಲ. ಒಂದ ದಿನಾನೂ ಆಕಿ ಬಗ್ಗಿ ನೋಡಲಿಲ್ಲ. ಅಪ್ಪ ಹೋದಂಗ ಅವ್ವನೂ ಹೈದರಾಬಾದಿಗಿ ಹೋಗಿಬಿಟ್ಳೇನೋ, ಈಗ ಹಗ್ಗ ಜಗ್ಗವರು ಯಾರು ಅಂತ ಕೂಡತಿದ್ದೆ. ನೀನೂ ಹಿಂದ ನಿಂತಿ. ಮುಂದ ಬಾ ಬೇಟಾ. ನಿನ್ನ ಮಾರಿ ಕಾಣ್ತಿದ್ರ ನಾ ಬರ್ತೇನಿ.’

ದಿವ್ಯಾ ಸಹೋದ್ಯೋಗಿಯೊಬ್ಬನನ್ನು ಕರೆದು ಸಿಲಿಂಡರ್ ಹಿಡಿಯಲು ಹಿಂದೆ ನಿಲ್ಲಿಸಿದಳು. ತಾನು ಮುಂದೆ ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡಳು.

ಹೋದರು. ತಲೆಗಳು ಮುಳುಗಿದವು. ನೀರಿನ ಮೇಲೆ ಗುಳ್ಳೆ ಮಾತ್ರ.

ಆ ಗುಳ್ಳೆಗಳನ್ನು ನೋಡುತ್ತ ನಿಂತೆ. ಲಿಫ್ಟು, ಚಿಲಕ, ಕಿಟಕಿ, ನಮ್ಮ ಮನೆಯಲ್ಲಿ ಇದಕ್ಕೆಲ್ಲ ‘ಅಕ್ಕನ ಹುಚ್ಚು’ ಎಂದು ಹೆಸರು. ಪ್ರತಿ ಮನೆಯಲ್ಲೂ ಇಂಥದ್ದೊಂದು ಇರುತ್ತದೆ. ಚಿಕ್ಕಪ್ಪ ನಾಯಿಗೆ ಹೆದರುತ್ತಾನೆ, ಅತ್ತೆ ಅನ್ನ ಉಳಿದರೆ ಅಳುತ್ತಾಳೆ. ಸ್ವಭಾವ ಎಂದು ಹೇಳಿ ಮುಗಿಸುತ್ತೇವೆ. ಎಷ್ಟು ಸುಲಭದ ಪದ ಅದು!

ಬಹಳ ಹೊತ್ತಾಯಿತು ಅನ್ನಿಸುವಾಗ ಅಕ್ಕನ ತಲೆ ಮೇಲೆ ಬಂತು. ಮಾಸ್ಕು ತೆಗೆದಾಗ ಮುಖದ ಸುತ್ತ ಕೆಂಪು ಗೆರೆ. ಉಸಿರು ನೆಟ್ಟಗೆ ಬರುತ್ತಿತ್ತು.

‘ಏನೇನ್ ನೋಡಿದಿ?’ ಕೇಳಿದೆ.

‘ಆ ಹುಡಗಿ ಮಾರಿ.’

‘ಮೀನು? ಹವಳ?’

‘ಇದ್ದವು. ಅತ್ತಾಗ ಜಾಸ್ತಿ ನೋಡಲಿಲ್ಲ’ ಎಂದು ಟವೆಲ್ ಇಸಿದುಕೊಂಡಳು.

(ಹೋಟೆಲಿನಲ್ಲಿ ಸಂಜೆ ಲಿಫ್ಟ್ ಹತ್ತಿದಳೇ ಎಂದು ಕೇಳುತ್ತೀರಿ. ಇಲ್ಲ. ಮೆಟ್ಟಿಲೇ. ಒಂದು ದಿನದಲ್ಲಿ ಎಲ್ಲ ಸರಿಹೋಗಲು ಇದೇನು ಸೀರಿಯಲ್ಲೇ?)

ಭಾಲ್ಕಿಗೆ ಮರಳಿದ ಮೇಲೆ ಅವ್ವನಿಗೆ ಫೋಟೋ ತೋರಿಸಿದೆವು. ನೀರಿನೊಳಗೆ ಇಬ್ಬರು ಎದುರುಬದುರು, ಕೈ ಕೈ ಹಿಡಿದುಕೊಂಡು. ಅವ್ವ ಕನ್ನಡಕ ಏರಿಸಿ ನೋಡಿದಳು. ‘ಇಕಿ ಯಾರು, ಇಷ್ಟ ಗಟ್ಟಿ ಹಿಡದಾಳ ನಿನಗ?’

ಅಕ್ಕ ಹೇಳಿಬಿಟ್ಟಳು. ಬಾವಿ, ರೊಟ್ಟಿಯಷ್ಟು ಆಕಾಶ, ಕಾಣದ ಮುಖ, ಎಲ್ಲ. ಸಿಟ್ಟಿನಿಂದಲ್ಲ, ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಪೇಷಂಟಿನ ಸ್ಥಿತಿ ಹೇಳುವಂತೆ ಹೇಳಿದಳು.

ಅವ್ವ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ನನಗೆ ಎದ್ದು ಹೋಗಬೇಕು ಅನ್ನಿಸಿತು, ಹೋಗಲಿಲ್ಲ.

‘ನೀ ಕೆಳಗ ಇರೋತನಾ ನಾ ಎಲ್ಲಿ ಹೋಗ್ತಿದ್ನವ್ವಾ’ ಅಂದಳು ಅವ್ವ. ‘ಹಗ್ಗ ಬೇವಿನ ಗಿಡಕ್ಕ ಸುತ್ತಿ ನಾನೂ ಬಾಜೂ ಮನಿ ಶಾಂತಮ್ಮನೂ ಹಿಡ್ಕೊಂಡು ನಿಂದರತಿದ್ವಿ. ಬಗ್ಗಿ ನೋಡಬೇಕಂದ್ರ ಹೊಟ್ಟಿ ಅಡ್ಡ ಬರ್ತಿತ್ತು. ಬಾವಿಗಿ ಕಟ್ಟಿ ಇರಲಿಲ್ಲ. ಜೋಲಿ ಹೊಡದು ಬಿದ್ರ ಮೂರೂ ಜೀವ ಹೋಗ್ತಾವ ಅಂತ ಶಾಂತಮ್ಮ ನನಗ ದಂಡಿ ಬಲ್ಲಿ ಬಿಡ್ತಿರಲಿಲ್ಲ.’

ಮೂರೂ ಜೀವ ಅನ್ನುವಾಗ ಅವ್ವನ ಕೈ ನನ್ನ ಕಡೆ ತಿರುಗಿತ್ತು. ಆ ಹೊಟ್ಟೆಯೊಳಗಿದ್ದವಳು ನಾನು.

ಅಕ್ಕ ನನ್ನನ್ನೇ ನೋಡಿದಳು. ಆಮೇಲೆ ಅವ್ವನನ್ನು.

‘ಇಷ್ಟ ವರ್ಷ ಯಾಕ ಹೇಳಲಿಲ್ಲವ್ವಾ?’

‘ನೀ ಕೇಳಲಿಲ್ಲಲ್ಲ.’

ಅಕ್ಕ ಎದ್ದು ಹೋಗಿ ಅವ್ವನ ಪಕ್ಕ ಕುಳಿತಳು. ಅವ್ವ ಅವಳ ಗದ್ದ ಹಿಡಿದು ಮುಖವನ್ನು ತನ್ನತ್ತ ತಿರುಗಿಸಿಕೊಂಡಳು. ಚಹಾ ಮಾಡಲು ನಾನೇ ಅಡುಗೆಮನೆಗೆ ಹೋದೆ.

ಒಂದೇ ಮನೆಯಲ್ಲಿ ಅರ್ಧ ಶತಮಾನ ಉಂಡು ಮಲಗಿದ ತಾಯಿ ಮಗಳಿಗೆ ಈ ಎರಡು ಮಾತು ಆಡಿಕೊಳ್ಳಲು ಸಮುದ್ರವೇ ಬೇಕಾಯಿತೇ?