ಖಂಡೆ ಪೂಜೆಗೆ ಇಟ್ಟ ಜಾಕ್

ಡ್ರೈವರ್ ಮಾಮಾನ ಬಲಗೈ ತೋರುಬೆರಳಿನ ತುದಿ ಉಳಿದ ಬೆರಳುಗಳಿಗಿಂತ ಕಪ್ಪಾಗಿತ್ತು. ಪೆಟ್ರೋಲಿನಲ್ಲಿ ತೊಳೆದರೂ ಬೂದಿ ಹಚ್ಚಿ ತಿಕ್ಕಿದರೂ ಹೋಗದ ಕಪ್ಪು. ಎಂಜಿನ್ ನಡೆಯುತ್ತಿರುವಾಗ ಆ ಬೆರಳನ್ನು ಬಾನೆಟ್ಟಿನ ಮೇಲಿಟ್ಟು, ಕಣ್ಣು ಮುಚ್ಚಿ, ನಾಡಿ ನೋಡುವವರ ಹಾಗೆ ನಿಲ್ಲುತ್ತಿದ್ದರು. ನಮ್ಮ ಡಾಕ್ಟರು ಅದನ್ನು ಕಂಡಾಗಲೆಲ್ಲ, "ಏನ್ ಮಾಮಾ, ಜ್ವರ ಎಷ್ಟದ?" ಎಂದು ಕೇಳುವರು.

"ಕಷಾಯದಾಗ ಇಳೀತೈತ್ರಿ. ನಿಮ್ಮ ಸೂಜಿ ಬ್ಯಾಡ," ಎಂದು ಇವರು ಹೇಳುವರು.

ಏಕೀಕರಣಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಹುನಗುಂದದ ಒಂದು ಖಾಸಗಿ ದವಾಖಾನೆಯಲ್ಲಿ ನಾನು ಕಂಪೌಂಡರ್ ಆಗಿದ್ದೆ. ವಯಸ್ಸು ಇಪ್ಪತ್ತೆರಡು. ಲಡಾಯಿ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಜೀಪೊಂದನ್ನು ಡಾಕ್ಟರು ಕೊಂಡಿದ್ದರು. ಅದನ್ನು ನಡೆಸುತ್ತಿದ್ದವರು ಇಳಕಲ್ಲಿನ ಈ ಮುಸಲ್ಮಾನ ಹಿರಿಯರು. ಎಲ್ಲರಿಗೂ ಅವರು ಡ್ರೈವರ್ ಮಾಮಾ.

ಜೀಪಿನೊಡನೆ ಬಂದದ್ದು ಒಂದು ಜಾಕ್ ಮತ್ತು ಚಕ್ರ ಬಿಚ್ಚುವ ಪಾನಾ, ಅಷ್ಟೇ. ಉಳಿದ ಸಾಮಾನನ್ನು ಮಾಮಾ ರಸ್ತೆಯಿಂದಲೇ ಕೂಡಿಸಿದ್ದರು. ಗಾಡಿ ಕೆಟ್ಟು ನಿಂತಲ್ಲಿ ಯಾವುದು ಇಲ್ಲದೆ ಪರದಾಡಿದರೋ ಅದು ಮರುದಿನ ಚೀಲ ಸೇರುತ್ತಿತ್ತು. ಶಿರೂರಿನ ಆಚೆ ಟ್ಯಾಂಕ್ ಸೋರಿದ ಮೇಲೆ ಬಟ್ಟೆ ಸಾಬೂನಿನ ತುಂಡು ಬಂತು. ತೂತಿಗೆ ಮೆತ್ತಿದರೆ ಬಾಗಲಕೋಟೆ ಮುಟ್ಟಬಹುದು. ಬಾದಾಮಿಯ ಕಲ್ಲುಹಾದಿಯಲ್ಲಿ ಸೈಲೆನ್ಸರ್ ಕಳಚಿದ ಮೇಲೆ ತಂತಿಯ ಸುರುಳಿ ಬಂತು. ನಮ್ಮ ಎರೆಭೂಮಿಯಲ್ಲಿ ಮಳೆಯಾದಾಗ ಜಾಕ್ ಊರಿದರೆ ಗಾಡಿ ಏಳುವುದಿಲ್ಲ, ಜಾಕೇ ನೆಲದೊಳಗೆ ಇಳಿಯುತ್ತದೆ. ಅದರ ಕೆಳಗಿಡಲು ಜಾಲಿಮರದ ದಪ್ಪ ಹಲಗೆಯೊಂದನ್ನು ಕೊಯ್ಯಿಸಿದ್ದರು. ಡೇರೆಬಟ್ಟೆಯ ಚೀಲವನ್ನು ಅವರ ಹೆಂಡತಿ ಹೊಲಿದಿದ್ದರು. ಒಳಗೆ ಒಂಬತ್ತು ಕಿಸೆ, ಪ್ರತಿಯೊಂದರ ಅಂಚಿಗೂ ಬೇರೆ ಬೇರೆ ಹೊಲಿಗೆ. ಮಾಮಾ ಗಾಡಿಯ ಕೆಳಗೆ ಮಲಗಿ, ಕೈಯಷ್ಟೇ ಹೊರಚಾಚಿ, ಅಂಚು ತಡವಿ ಬೇಕಾದ ಪಾನಾ ಎಳೆದುಕೊಳ್ಳುತ್ತಿದ್ದರು.

ದಿನಾ ಬೆಳಿಗ್ಗೆ ಒಂಬತ್ತೂ ಕಿಸೆಗಳಿಗೆ ಕೈ ಹಾಕಿ ನೋಡುವರು. ನಾನು ಕೆಣಕುತ್ತಿದ್ದೆ: "ನಿನ್ನೆ ಇದ್ದದ್ದು ಇವತ್ತ ಎಲ್ಲಿಗೆ ಹೋಗ್ತದ ಮಾಮಾ?"

"ನಿಮಗೇನ್ರಿ ಕಂಪೌಂಡರ್ರ, ಬಾಟ್ಲ್ಯಾಗ ಔಷಧ ಕಡಿಮಿ ಬಿದ್ರ ನೀರು ಬೆರಸ್ತೀರಿ. ನನ್ನ ಪಾನಾ ಕಡಿಮಿ ಬಿದ್ರ ನಾ ಏನ ಬೆರಸ್ಲಿ?"

ಆ ವರ್ಷದ ಮಹಾನವಮಿಯಂದು ಮಾಮಾ ಊರಿಗೆ ಹೋಗಿದ್ದರು. ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಹೊಣೆ ನನ್ನದು. ನಮ್ಮ ಮನೆಯಲ್ಲಿ ಅದು ಬಲು ಕಟ್ಟುನಿಟ್ಟು. ಪೂಜೆಗಿಟ್ಟ ಸಾಮಾನನ್ನು ಮರುದಿನ ಸಂಜೆ ಬನ್ನಿ ಮುಡಿಯುವ ತನಕ ಎತ್ತುವಂತಿಲ್ಲ. ಸಾಲಿ ಮಾಸ್ತರರಾಗಿದ್ದ ನಮ್ಮ ತಂದೆ ಆ ಹೊತ್ತಿನಲ್ಲಿ ಬರೆಯುವ ಟಾಕು ಸಹ ಮುಟ್ಟುತ್ತಿರಲಿಲ್ಲ. ಹಿಂದಿನ ವರ್ಷಗಳಲ್ಲಿ ದವಾಖಾನೆಯ ತಕ್ಕಡಿ, ಒಂದು ಹಳೆಯ ಕತ್ತರಿ ಇಷ್ಟನ್ನೇ ಇಟ್ಟು, ಜೀಪಿಗೆ ಚೆಂಡುಹೂವಿನ ಮಾಲೆ ಹಾಕುತ್ತಿದ್ದೆವು. ಈ ಸಲ ಪೂಜೆ ತುಂಬಿ ಕಾಣಲಿ ಎಂಬ ಆಸೆಯಿಂದ ನಾನು ಮಾಮಾನ ಚೀಲ ಬರಿದು ಮಾಡಿದೆ. ಜಾಕ್, ಹಲಗೆ, ಪಾನಾಗಳು, ಪಂಪು, ಎಲ್ಲವನ್ನೂ ಒರೆಸಿ ಮಣೆಯ ಮೇಲೆ ಜೋಡಿಸಿ ವಿಭೂತಿ ಕುಂಕುಮ ಹಚ್ಚಿದೆ. ಡಾಕ್ಟರು ಹೊಸ್ತಿಲಿಂದಲೇ ಕೈಮುಗಿದು ಹೋದರು, ಮಣೆಯ ಮೇಲೆ ಏನೇನಿದೆ ಎಂದು ನೋಡಲಿಲ್ಲ. ಡಾಕ್ಟರ ಪೆಟ್ಟಿಗೆಯನ್ನು ಮಾತ್ರ ಇಡಲಿಲ್ಲ. ಯಾರಾದರೂ ಕರೆಯಲು ಬಂದರೆ ಬೇಕಾಗುತ್ತದೆ. ಅಷ್ಟು ಬುದ್ಧಿ ನನಗಿತ್ತು.

ಮರುದಿನ ಬೆಳಿಗ್ಗೆ ಕೂಡಲಸಂಗಮದ ಕಡೆಯ ಹಳ್ಳಿಯಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದ. ಅವನ ಹೆಂಡತಿಗೆ ಎರಡು ದಿನದಿಂದ ಹೆರಿಗೆ ಬೇನೆ. ಆಗಷ್ಟೇ ಇಳಕಲ್ಲಿನಿಂದ ಬಂದಿದ್ದ ಮಾಮಾ ಜೀಪಿಗೆ ಹೋಗಿ, ಚೀಲಕ್ಕೆ ಕೈ ಹಾಕಿ, ತಿರುಗಿ ಬಂದು ಪೂಜೆಯ ಕೋಣೆಯ ಹೊಸ್ತಿಲ ಹೊರಗೆ ನಿಂತರು.

"ಕಂಪೌಂಡರ್ರ, ಜಾಕ್ ಮತ್ತ ಹಲಗಿ ಅಷ್ಟ ಕೊಡ್ರಿ. ಉಳಿದದ್ದು ಇರ್ಲಿ."

"ಬನ್ನಿ ಮುಡಿಯೂತನಕ ಎತ್ತೂಹಂಗಿಲ್ಲ ಮಾಮಾ. ಇಲ್ಲೇ ಹೋಗಿ ಬರೋದು, ಏನಾಗ್ತದ?"

ಅವರು ಮಣೆಯ ಮೇಲಿನ ಜಾಕನ್ನು ನೋಡಿದರು. ನಾಲ್ಕು ಹೆಜ್ಜೆ ಒಳಗೆ ಬಂದಿದ್ದರೆ ಕೈಗೆ ಸಿಗುತ್ತಿತ್ತು. ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಅವರೇ ತಂದುಕೊಡುತ್ತಿದ್ದರು. "ಆತು ಬಿಡ್ರಿ. ದೇವರ ಮುಂದ ಇಟ್ಟದ್ದು," ಎಂದು ಹೋಗಿ ಸ್ಟೇರಿಂಗ್ ಹಿಡಿದರು. ನಾನೂ ಡಾಕ್ಟರೂ ಹತ್ತಿದೆವು.

ಹಿಂದಿನ ರಾತ್ರಿ ಮಳೆಯಾಗಿತ್ತು. ಅರ್ಧ ಹಾದಿಯಲ್ಲಿ ಮುಂದಿನ ಚಕ್ರ ಪಂಕ್ಚರ್ ಆಯಿತು. ಚಕ್ರ ಬಿಚ್ಚುವ ಪಾನಾ ನನ್ನ ಕಣ್ಣಿಗೆ ಬೀಳದೆ ಸೀಟಿನ ಕೆಳಗೆ ಉಳಿದಿತ್ತು. ಮಾಮಾ ನಟ್ಟು ಸಡಿಲಿಸಿದರು. ಹೊಲದಲ್ಲಿದ್ದ ಮೂವರು ಬಂದು ಒಂದು ತೊಲೆಯಿಂದ ಜೀಪನ್ನು ಮೀಟಿ ಎತ್ತಿದರು. ನಾನು ಅಚ್ಚಿನ ಕೆಳಗೆ ಕಲ್ಲು ಪೇರಿಸಿದೆ. ಮಾಮಾ ಚಕ್ರ ಬಿಚ್ಚಿ, ಇನ್ನೊಂದನ್ನು ಹೊಂದಿಸಲು ಬಲಗೈ ಒಳಗೆ ಹಾಕಿದ್ದರು. ಆಗ ಕಲ್ಲುಗಳು ಎರೆಯಲ್ಲಿ ಇಳಿದವು. ಸದ್ದೇನೂ ಆಗಲಿಲ್ಲ. ಜೀಪು ಸುಮ್ಮನೆ ಕೂತಿತು.

ಮತ್ತೆ ಎತ್ತಿ ಕೈ ಬಿಡಿಸಿದೆವು. ಡಾಕ್ಟರು ಪಟ್ಟಿ ಕಟ್ಟುತ್ತ ಕೇಳಿದರು: "ಅಲ್ಲ ಮಾಮಾ, ಜಾಕ್ ಎಲ್ಲಿ?"

"ಮರತ ಬಂದೆ ಸಾಹೇಬ್ರ. ನಂದ ತಪ್ಪು."

ನಾನು ಅವರ ಎದುರಿಗೇ ಕೂತಿದ್ದೆ. ಪಟ್ಟಿಯ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಅದನ್ನು ಬಿಗಿದು ಗಂಟು ಹಾಕಿದೆ.

ಚಕ್ರವನ್ನು ನಾವೇ ಹೇಗೋ ಹಾಕಿದೆವು. ಡಾಕ್ಟರು ತಾವೇ ಗಾಡಿ ನಡೆಸಿದರು. ಮಾಮಾ ಹಿಂದೆ ನನ್ನ ಪಕ್ಕದಲ್ಲಿ ಕೈ ಮೇಲೆತ್ತಿ ಹಿಡಿದು ಕೂತು, "ನಟ್ಟು ಐದೂ ಬಿಗಿ ಮಾಡೀರಿಲ್ಲೊ?" ಎಂದು ಎರಡು ಸಲ ಕೇಳಿದರು. ಆ ಹೆಂಗಸೂ ಮಗುವೂ ಉಳಿದರು. ಬಾಗಲಕೋಟೆಯ ದವಾಖಾನೆಯಲ್ಲಿ ಮಾಮಾನ ಮೂರು ಬೆರಳು ತೆಗೆದರು. ಆ ಸಂಜೆ ಹುನಗುಂದಕ್ಕೆ ಮರಳಿ, ಬನ್ನಿ ಮುಡಿದ ಮೇಲೆ ನಾನು ಸಾಮಾನನ್ನು ಚೀಲಕ್ಕೆ ತುಂಬಲು ಕೂತೆ. ಯಾವುದು ಯಾವ ಕಿಸೆಯದೋ ತಿಳಿಯಲಿಲ್ಲ.

ಅವರು ಮತ್ತೆ ಗಾಡಿ ನಡೆಸಲಿಲ್ಲ. ಇಳಕಲ್ಲಿನಲ್ಲಿ ಹೆಂಡತಿಯ ಹೊಲಿಗೆಯಿಂದ ಸಂಸಾರ ಸಾಗಿತು. ನಾನು ಒಮ್ಮೆಯೂ ಆ ಮನೆಗೆ ಹೋಗಲಿಲ್ಲ. ದವಾಖಾನೆಯಲ್ಲಿ ಅವರ ಮಾತು ಬಂದಾಗ ಡಾಕ್ಟರು, "ಭಾಳ ಛಲೋ ಡ್ರೈವರ್. ಒಂದ ದಿನ ಮರತ," ಎನ್ನುತ್ತಿದ್ದರು. ನಾನು ಪಕ್ಕದಲ್ಲೇ ಔಷಧ ಅಳೆಯುತ್ತಿರುತ್ತಿದ್ದೆ. ಹೀಗೆ ವರ್ಷಗಳು ಕಳೆದು ಡಾಕ್ಟರು ತೀರಿಕೊಂಡರು. ಅದರ ಮರುವರ್ಷ ಮಾಮಾ.

ಮಣ್ಣಾದ ಮೂರನೆಯ ದಿನ ನಾನು ಇಳಕಲ್ಲಿಗೆ ಹೋದೆ. ಅವರ ಹೆಂಡತಿ ಬಾಗಿಲ ಬದಿಯಲ್ಲಿ ಕೂತಿದ್ದರು. ಜಾಕನ್ನು ಕೊಡದವನು ನಾನು ಎಂದು ಹೇಳಿದೆ.

"ಗೊತ್ತೈತ್ರಿ," ಎಂದರು ಅವರು. "ಮನಿಗೆ ಬಂದ ದಿನಾನ ಹೇಳಿದ್ರು. 'ಸಾಹೇಬ್ರ ಮುಂದ ನಾ ಸುಳ್ಳ ಹೇಳೇನಿ, ಹುಡುಗ ಹೆದರಿದ್ದ, ಇವತ್ತಿಲ್ಲಾ ನಾಳಿ ತಾನ ಖರೆ ಹೇಳ್ತಾನ, ನೀ ಬಾಯಿ ಬಿಡಬ್ಯಾಡ' ಅಂದ್ರು."

"ಮತ್ತ ಎಂದೂ ಆ ಮಾತು ತಗೀಲಿಲ್ಲೇನ್ರಿ?"

"ಒಮ್ಮಿ ತಗದ್ರು. ಸಾಹೇಬ್ರು ಹೋದ ಸುದ್ದಿ ಬಂತಲ್ಲ, ಆವತ್ತ. 'ಹೇಳಿದ್ನೋ ಇಲ್ಲೋ, ಪಾಪ' ಅಂದ್ರು." ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಹೇಳಿದ್ರೇನ್ರಿ?"

ಇಲ್ಲ ಎಂದೆ.