ಗುಡ್ಡದ ಮೇಲಿನ ಕಂದು ಮರಿ

ಉಚ್ಚಂಗೆಮ್ಮನ ಬಾಯಿಗೆ ಹೆದರದವರು ಜಗಳೂರು ಸುತ್ತಮುತ್ತ ಯಾರೂ ಇರಲಿಲ್ಲ. ಕುರಿ ಕೊಳ್ಳಲು ಬಂದ ದಲ್ಲಾಳಿಗಳೇ ಅವಳೆದುರು ಬಾಲ ಮುದುರುತ್ತಿದ್ದರು. ಅಂಥವಳು ಈ ಮುಂಗಾರಿನಿಂದ ಈಚೆಗೆ ಮಾತೇ ಕಡಿಮೆ ಮಾಡಿದ್ದಾಳೆ.

ತೋಳವೊಂದು ಅವಳ ಕುರಿರೊಪ್ಪಕ್ಕೆ ನುಗ್ಗಿ ಮರಿಗಳನ್ನು ಹೊತ್ತೊಯ್ಯತೊಡಗಿತ್ತು. ಅದು ಅರ್ಧ ತಿಂದು ಬಿಟ್ಟುಹೋದ ಕುರಿಮರಿಗೆ ಉಚ್ಚಂಗೆಮ್ಮ ಮೆಕ್ಕೆಜೋಳದ ಹುಳಕ್ಕೆ ಹೊಡೆಯುವ ಔಷಧಿ ಸುರಿದು, ತೋಳ ತಿಂದು ಸಾಯಲೆಂದು ಸಂಜೆ ಗುಡ್ಡದ ಬುಡದಲ್ಲಿಟ್ಟಳು.

ಆ ಗುಡ್ಡದ ಬಂಡೆಸಂದಿಯಲ್ಲಿ ಒಂದು ಜೋಡಿ ಬಿಳಿ ರಣಹದ್ದಿನ ಗೂಡಿತ್ತು. ಹಟ್ಟಿಯಲ್ಲಿ ಸತ್ತ ಕುರಿಯೆಲ್ಲ ಹಿಂದಿನಿಂದಲೂ ಅಲ್ಲಿಗೇ ಹೋಗುತ್ತಿತ್ತು. ಎಲುಬು ಬಿಟ್ಟು ಏನೂ ಉಳಿಯುತ್ತಿರಲಿಲ್ಲ. ನಾತವಿಲ್ಲ, ಉಳಿದ ಕುರಿಗೆ ರೋಗವಿಲ್ಲ. ಕೂಲಿ ಕೇಳದ ಆಳುಗಳು ಎಂದು ಆಕೆಯೇ ಅವನ್ನು ಹೊಗಳುತ್ತಿದ್ದಳು.

"ಹಗಲಾದ್ರೆ ಹದ್ದು ಇಳಿತಾವೆ ಕಣೇ," ಎಂದ ಗಂಡ ತಿಪ್ಪೇಶಪ್ಪ.

"ನಂಗೊತ್ತಿಲ್ವ? ಬೆಳಕು ಹರಿಯೋದ್ರೊಳಗೆ ನಾನೇ ಹೂಳ್ತೀನಿ, ಸುಮ್ಕಿರ್ರಿ."

ಮರುದಿನ ಸಂತೆ. ಕುರಿ ತುಂಬಿಕೊಳ್ಳುವ ಗಾಡಿ ನಸುಕಿನಲ್ಲೇ ಬಂದು ಹಾರ್ನ್ ಹೊಡೆಯಿತು. ಸಂತೆಯೇನೂ ಎದ್ದು ಓಡಿಹೋಗುತ್ತಿರಲಿಲ್ಲ. ಆದರೂ ಬಂದ ಮೇಲೆ ಹೂತರಾಯಿತೆಂದು ಆಕೆ ಗಾಡಿ ಹತ್ತಿಬಿಟ್ಟಳು. ಮಧ್ಯಾಹ್ನ ಮರಳಿದಾಗ ಹದ್ದುಗಳೆರಡೂ ಕುರಿಮರಿಯ ಪಕ್ಕದಲ್ಲೇ ರೆಕ್ಕೆ ಚೆಲ್ಲಿ ಸತ್ತುಬಿದ್ದಿದ್ದವು. ತೋಳ ಆ ಕಡೆ ಸುಳಿದೇ ಇರಲಿಲ್ಲ.

ಎಲ್ಲವನ್ನೂ ಒಂದೇ ಗುಂಡಿಗೆ ಹಾಕಿ ಮುಚ್ಚಿ ತಲೆಯೆತ್ತಿದರೆ, ಬಂಡೆಯ ಮೇಲೆ ಹದ್ದಿನ ಮರಿ. ಇನ್ನೂ ಕಂದು ಬಣ್ಣ, ಹಾರಲು ಆಗಷ್ಟೇ ಕಲಿತದ್ದು. ಕತ್ತು ಚಾಚಿ ಅಪ್ಪ ಅಮ್ಮನ ದಾರಿ ಕಾಯುತ್ತಿತ್ತು. ಉಚ್ಚಂಗೆಮ್ಮ ಅಲ್ಲೇ ಕೂತು, ಹಿಂದೆಯೇ ಬಂದ ಗಂಡನೆದುರು ಅತ್ತಳು.

"ತೋಳ ಹಸಿದು ಕೊಲ್ತಿತ್ತು ರೀ. ನಾನು ಸಂತೆಗೆ ಹೊತ್ತಾಗ್ತೈತೆ ಅಂತ ಕೊಂದೆ."

ಅಂದಿನಿಂದ ಮಟನ್ ಅಂಗಡಿಯ ಕರುಳು, ಚೂರುಪಾರು ತಂದು ಹಾಸುಬಂಡೆಯ ಮೇಲಿಟ್ಟು ದೂರ ಕೂರತೊಡಗಿದಳು. ಮರಿ ಇಳಿಯಲೇ ಇಲ್ಲ. ಅದೂ ಹಸಿದು ಸತ್ತರೆ ಎಂಬ ಭಯಕ್ಕೆ ಅವಳು ದಿನವೂ ಹೊಸ ಚೂರು ತಂದಿಟ್ಟಳು. ಕೊನೆಗೊಂದು ಬೆಳಿಗ್ಗೆ ಅದು ಕುಪ್ಪಳಿಸಿ ಬಂದು ತಿಂದಿತು. ಈಗ ಅವಳ ಸೀರೆ ಕಂಡರೆ ಸಾಕು, ಹಾರಿ ಬಂದು ಮಗ್ಗುಲಲ್ಲೇ ಕೂರುತ್ತದೆ.

"ನೋಡು, ಎಷ್ಟು ನಂಬೈತೆ ನಿನ್ನ," ಎಂದು ತಿಪ್ಪೇಶಪ್ಪ ಸಮಾಧಾನ ಹೇಳಿದ.

"ಅದಕ್ಕೇ ಅದರ ಮುಖ ನೋಡಾಕೆ ಆಗಲ್ಲ ರೀ," ಎಂದಳು ಆಕೆ, ಬೇರೆ ಕಡೆ ತಿರುಗಿ ಚೂರು ಹಾಕುತ್ತಾ. "ಇದು ಯಾವ ಕೈ ಅಂತ ಅದಕ್ಕೆ ಗೊತ್ತಿಲ್ಲ."