ಕಲಸಿ ಬಿಟ್ಟ ಹಿಟ್ಟು

ಬೆಳಗಿನ ಐದು ಗಂಟೆ. ದಂಡೋತಿಯ ಹೀರಾಬಾಯಿ ಒಲೆಯ ಮುಂದೆ ಕೂತು ಜೋಳದ ಹಿಟ್ಟಿಗೆ ಎಸರು ಹಾಕುತ್ತಾರೆ, ಒಂದು ರೊಟ್ಟಿಗೆ ಆಗುವಷ್ಟೇ. ಅದನ್ನು ಬಡಿದು ಹಂಚಿಗೆ ಹಾಕಿದ ಮೇಲೆಯೇ ಮುಂದಿನ ಹಿಡಿ. ಪಕ್ಕದ ಒಲೆಯಲ್ಲಿ ನೆಗೆಣ್ಣಿ ಸುನಿತಾ, ಮೈದುನನ ಹೆಂಡತಿ, ಒಮ್ಮೆಗೇ ಹತ್ತು ರೊಟ್ಟಿಯ ಹಿಟ್ಟು ನಾದಿಕೊಂಡಿದ್ದಾರೆ.

"ಯಕ್ಕಾ, ಹಿಂಗ ಒಂದೊಂದೇ ಕಲಸಿದ್ರ ಆಟೋ ಹೋಗ್ತದ ನೋಡು."

"ಹೋಗ್ಲಿ ಬಿಡು. ಕಲಸಿದ್ದು ಉಳೀಬಾರ್ದು."

ಹಿಟ್ಟು ನಾದಲು ಇಬ್ಬರ ನಡುವೆ ಇರುವುದು ಒಂದೇ ಪರಾತ, ಅಗಲದ ತಟ್ಟೆ. ಅದರ ತಳ ಸೀಳು ಬಿಟ್ಟಿದೆ, ಎಸರು ಹನಿಯುತ್ತದೆ. ಅದರಲ್ಲೇ ದಿನಕ್ಕೆ ನೂರು ರೊಟ್ಟಿ ತಯಾರಾಗಿ ಏಳರ ಆಟೋದಲ್ಲಿ ಚಿತ್ತಾಪುರದ ಖಾನಾವಳಿ ಸೇರಬೇಕು. ಗಂಡ ದತ್ತು ಶಹಾಬಾದಿನ ಕಲ್ಲಿನ ಗಣಿಯಲ್ಲಿ ಸೊಂಟ ಮುರಿದುಕೊಂಡ ವರ್ಷ ಹೀರಾಬಾಯಿ ಈ ಕೆಲಸ ಹಿಡಿದರು. ಹದಿನೆಂಟು ವರ್ಷವಾಯಿತು. ಬೆರಳಿನ ಗೆರೆಗಳು ಸವೆದು, ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ.

ಆದರೆ ಪತ್ರಿಕೆಗೆ ಬರೆಯಲು ಬಂದ ನನ್ನ ಮುಂದೆ ಅವರು ಹೇಳಿಕೊಳ್ಳಲು ಹಿಂಜರಿಯುವುದು ಬೇರೆಯೇ ಒಂದು ಸಂಗತಿ.

ಕಳೆದ ಮಹಿಳಾ ದಿನದಂದು ಎರಡು ಊರಲ್ಲಿ ರೊಟ್ಟಿ ಸ್ಪರ್ಧೆ. ಸೇಡಂನಲ್ಲಿ ಮೊದಲು ಬಂದವರಿಗೆ ಫ್ರಿಜ್, ಉಳಿದವರಿಗೆ ಚಪ್ಪಾಳೆ. ಚಂದಾಪುರದಲ್ಲಿ ಒಂದು ತಾಸಿನಲ್ಲಿ ಮೂವತ್ತು ರೊಟ್ಟಿ ಮುಗಿಸಿದ ಎಲ್ಲರಿಗೂ ಒಂದೊಂದು ಸ್ಟೀಲ್ ಪರಾತ. ಸುನಿತಾ ಚಂದಾಪುರ ಅಂದರು. "ಪರಾತಕ್ಕ ಯಾರು ಅಷ್ಟು ದೂರ ಹೋಗ್ತಾರ" ಎಂದು ಹೀರಾಬಾಯಿ ಅವರನ್ನು ಸೇಡಂಗೆ ಎಳೆದೊಯ್ದರು.

ಅಲ್ಲಿ ಇಪ್ಪತ್ತಾರು ಒಲೆ, ಒಂದೊಂದಕ್ಕೂ ಸ್ಪರ್ಧೆಯವರೇ ಇಟ್ಟ ಪರಾತ. ಅರ್ಧ ತಾಸಿಗೆ ಸೂಗಮ್ಮ ಎಂಬಾಕೆಯ ಮುಂದೆ ಇಪ್ಪತ್ತೆಂಟು ರೊಟ್ಟಿ, ಹೀರಾಬಾಯಿಯ ಮುಂದೆ ಹದಿನೇಳು.

"ಫ್ರಿಜ್ ನಂದಲ್ಲ ಅಂತ ಗೊತ್ತಾತ್ರಿ. ಕೈ ಸೋತಿರ್ಲಿಲ್ಲ. ಮನಸ್ಸೇ ಎದ್ದು ಹೋತು."

ಅವರು ಕೈ ತೊಳೆದು ಎದ್ದರು. ಪರಾತದಲ್ಲಿ ಕಲಸಿದ ಹಿಟ್ಟು ಹಾಗೇ ಇತ್ತು. ಹದಿನೆಂಟು ವರ್ಷದಲ್ಲಿ ಅದೇ ಮೊದಲು. ಅವರನ್ನು ನೋಡಿ ಪಕ್ಕದವರು ಎದ್ದರು, ಆಮೇಲೆ ಹಿಂದಿನ ಸಾಲು. ಬೆನ್ನಟ್ಟುವವರಿಲ್ಲದ್ದು ಕಂಡು ಸೂಗಮ್ಮನೂ ನಡುವೆ ಕೂತು ಚಹಾ ಕುಡಿದರಂತೆ. ಸುನಿತಾ ಮಾತ್ರ ತಲೆ ಎತ್ತಲಿಲ್ಲ. ತಮ್ಮ ಹಿಟ್ಟು ಮುಗಿಸಿ, ಅಕ್ಕನ ಪರಾತವನ್ನೂ ಹತ್ತಿರ ಎಳೆದುಕೊಂಡರು. ಒಂದು ತಾಸು ಮುಗಿದು ಗಂಟೆ ಬಾರಿಸಿದಾಗ ಅವರ ಮುಂದೆ ಮೂವತ್ತೊಂದು ರೊಟ್ಟಿ. ಫ್ರಿಜ್ ಸೂಗಮ್ಮನ ಪಾಲಾಯಿತು, ಅವರಿಗೆ ಬಹುಮಾನ ಇಲ್ಲ.

"ಬಸ್ಸಿನಾಗ ನಾನೇ ಲೆಕ್ಕ ಹಾಕಿದೆ. ಮೂವತ್ತೊಂದು ಅಂದ್ರ ಚಂದಾಪುರದಾಗ ಒಂದು ಪರಾತ. ಅಕಿ ಒಂದು ಮಾತೂ ಆಡ್ಲಿಲ್ರಿ. ಬೈದಿದ್ರ ಛಲೋ ಇತ್ತು."

ಖಾನಾವಳಿಯ ಶೌಕತ ಅಲಿ ಈಗಲೂ ಚೇಷ್ಟೆ ಮಾಡುತ್ತಾರೆ: "ಹೀರಾಬಾಯಿ, ಇವು ಫ್ರಿಜ್‌ನ್ಯಾಗ ಇಟ್ಟಿದ್ ರೊಟ್ಟಿ ಏನು?" ಹೀರಾಬಾಯಿ ನಗುತ್ತಾರೆ. ಸುನಿತಾ ಎದುರಿಗಿದ್ದರೆ ನಗುವುದಿಲ್ಲ.

ಚಂದಾಪುರದಲ್ಲಿ ನಲವತ್ತು ಮಂದಿ ಕೂತು ಮೂವತ್ತೇಳು ಮಂದಿ ಪರಾತ ಹಿಡಿದು ಮನೆಗೆ ಹೋದ ಸುದ್ದಿ ಆಮೇಲೆ ಬಂತು.

ಆರೂವರೆ. ಸುನಿತಾ ರೊಟ್ಟಿಯ ಬುಟ್ಟಿ ಹೊತ್ತು ರಸ್ತೆಗೆ ಹೋಗಿದ್ದಾರೆ. ಹೀರಾಬಾಯಿ ಪರಾತದ ಅಂಚನ್ನು ಬೆರಳಿಂದ ಬಳಿದು, ಹಿಟ್ಟು ಉಳಿದಿಲ್ಲವೆಂದು ನೋಡುತ್ತಾರೆ.

"ಬರೋ ವರ್ಷ ಚಂದಾಪುರಕ್ಕ ಹೋಗ್ತೀನಿ. ಮೂವತ್ತು ಬಡೀತೀನಿ, ಬಂದ ಪರಾತ ಅಕಿ ಕೈಯಾಗ ಕೊಡ್ತೀನಿ. ತಪ್ಪಾತು ಅಂತ ಬಾಯಿಲೆ ಅನ್ನಾಕ ಆಗವಲ್ದು." ಬಾಗಿಲ ಕಡೆ ನೋಡಿ, ದನಿ ತಗ್ಗಿಸುತ್ತಾರೆ. "ನೀವು ಬರೀರಿ. ನನಗ ಬರಿಯಾಕ ಬರಂಗಿಲ್ಲ, ಅಕಿಗೆ ಓದಾಕ ಬರ್ತದ."